ಇಸ್ಲಾಮೀ ನ್ಯಾಯಶಾಸ್ತ್ರದಲ್ಲಿ ಮೂಲಹಕ್ಕುಗಳು: ಸವಣೂರು ಸೀಮೆಯ ನೆಲೆಯಿಂದ

ಹಕ್ಕು ಎಂಬ ಕನ್ನಡದ ಮಾತು ಅರಬ್ಬಿಯ ‘ಹಕ್’ ಎಂಬುದರಿಂದ ಬಂದದ್ದು. ಮೂಲದಲ್ಲಿ ಅದಕ್ಕೆ ದಿಟ ಎಂಬ ಅರ್ಥವೂ ಉಂಟು, ಸಲ್ಲಬೇಕಾದದ್ದು ಎಂಬ ಅರ್ಥವೂ ಉಂಟು. ವಕೀಲ, ಅರ್ಜಿ, ಫಿರ್ಯಾದಿ, ದಾವೆ, ಜಾಮೀನು, ಕರಾರು, ಕಾಯಿದೆ, ವಾರಸುದಾರ ಇವೆಲ್ಲ ಅರಬ್ಬಿ, ಪಾರಸಿಗಳಿಂದ ಆಡಳಿತದ ಜೊತೆಗೇ ಕನ್ನಡಕ್ಕೆ ಇಳಿದವು. ಹಾವೇರಿ ಜಿಲ್ಲೆಯ ಸವಣೂರು, ಶಿಗ್ಗಾಂವಿ, ಹಾನಗಲ್ಲ, ಹಿರೇಕೆರೂರು ಸೀಮೆಯ ರೈತ ಇಂದು ತಹಸೀಲ್ದಾರರ ಕಚೇರಿಯಲ್ಲಿ ನಿಂತು ಆಡುವ ಮಾತಿನಲ್ಲಿ ಬಹಳಷ್ಟು ಹೀಗೆ ಬಂದದ್ದೇ. ಆದ್ದರಿಂದ ಇಸ್ಲಾಮೀ ನ್ಯಾಯಶಾಸ್ತ್ರ ಇಲ್ಲಿ ಯಾರಿಗೂ ಪೂರ್ತಿ ಹೊರಗಿನದಲ್ಲ. ಎರಡೂವರೆ ಶತಮಾನ ಮುಸ್ಲಿಂ ಮನೆತನವೊಂದು ಆಳಿದ ಸವಣೂರಿನಲ್ಲಂತೂ ಅಲ್ಲ.

ಶಾಸ್ತ್ರಕಾರರು ಹಕ್ಕುಗಳನ್ನು ಎರಡಾಗಿ ವಿಂಗಡಿಸುತ್ತಾರೆ. ನಮಾಜು, ಉಪವಾಸಗಳಂಥವು ದೇವರಿಗೆ ಸಲ್ಲಬೇಕಾದವು. ಸಾಲದ ಹಣ, ಕೂಲಿ, ಮದುವೆಯಲ್ಲಿ ಗಂಡ ಹೆಂಡತಿಗೆ ಕೊಡಬೇಕಾದ ಮಹರ್, ಪಿತ್ರಾರ್ಜಿತದ ಪಾಲು, ಮಾನ, ಪ್ರಾಣ ಇವು ಮನುಷ್ಯರಿಗೆ ಸಲ್ಲಬೇಕಾದವು. ದೇವರ ಬಾಕಿಯನ್ನು ದೇವರು ಕ್ಷಮಿಸಬಲ್ಲ. ಮನುಷ್ಯನ ಬಾಕಿಯನ್ನು ಆ ಮನುಷ್ಯನೇ ಬಿಟ್ಟುಕೊಡಬೇಕು ಎಂಬುದು ಅವರ ನಿಲುವು. ಶುಕ್ರವಾರದ ಪ್ರವಚನಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಈ ಮಾತಿನಲ್ಲೇ ಈ ಹಕ್ಕುಪದ್ಧತಿಯ ತಿರುಳಿದೆ. ಯುರೋಪಿನ ಹಕ್ಕುಚಿಂತನೆ ಬಹುಮಟ್ಟಿಗೆ ಅರಸನ ಎದುರು ನಿಂತ ಪ್ರಜೆಯಿಂದ ಹೊರಟಿತು. ಇಲ್ಲಿ ಹೊರಡುವುದು ಒಬ್ಬರಿಗೊಬ್ಬರು ತೀರಿಸಬೇಕಾದ ಋಣದಿಂದ. ದುರ್ಬಲನ ಕೈಗೆ ಅವನ ಬಾಕಿ ಮುಟ್ಟಿತೇ ಎಂದು ಕೇಳಿದಾಗ ಈ ಪದ್ಧತಿಯ ಬಲವೂ ಕೊರತೆಯೂ ಒಟ್ಟಿಗೇ ಕಾಣುತ್ತವೆ.

ತಾತ್ವಿಕ ನೆಲೆ

ಶರಿಯತ್ ಎಂಬ ಪದದ ಹಳೆಯ ಅರ್ಥ ನೀರಿನ ತಾಣಕ್ಕೆ ಹೋಗುವ ದಾರಿ. ಬಾಯಾರಿದ ಮನುಷ್ಯನೂ ದನಕರುವೂ ಕುಡಿಯುವ ನೀರನ್ನು ಬಾವಿಯ ಒಡೆಯ ತಡೆಯಬಾರದೆಂಬ ನಿಯಮ ಫಿಕ್ಹ್ ಎಂಬ ನ್ಯಾಯಶಾಸ್ತ್ರದ ಗ್ರಂಥಗಳಲ್ಲಿ ಪ್ರತ್ಯೇಕ ಹಕ್ಕಾಗಿಯೇ ಬರುತ್ತದೆ. 1111ರಲ್ಲಿ ತೀರಿಕೊಂಡ ಇಮಾಂ ಗಝಾಲಿ, ಶರಿಯತ್ತಿನ ಉದ್ದೇಶ ಧರ್ಮ, ಜೀವ, ಬುದ್ಧಿ, ಸಂತತಿ, ಆಸ್ತಿ ಈ ಐದರ ರಕ್ಷಣೆ ಎಂದರು. 1388ರಲ್ಲಿ ತೀರಿಕೊಂಡ ಆಂದಲೂಸಿಯಾದ ಶಾತಿಬಿ ಈ ವಿಚಾರವನ್ನು ‘ಅಲ್ ಮುವಾಫಕಾತ್’ ಗ್ರಂಥದಲ್ಲಿ ಬೆಳೆಸಿದರು. ಒಬ್ಬನನ್ನು ಅನ್ಯಾಯವಾಗಿ ಕೊಂದರೆ ಮನುಕುಲವನ್ನೇ ಕೊಂದಂತೆ ಎಂಬ ಆಶಯ ಕುರಾನಿನ 5ನೇ ಅಧ್ಯಾಯದ 32ನೇ ವಚನದಲ್ಲಿದೆ. ಆದಮನ ಮಕ್ಕಳೆಲ್ಲರಿಗೂ ಗೌರವ ಸಂದಿದೆ ಎಂಬುದು 17:70ರಲ್ಲಿ, ತನಗೇ ಕೇಡಾದರೂ ನ್ಯಾಯದ ಸಾಕ್ಷಿ ನುಡಿಯಬೇಕೆಂಬುದು 4:135ರಲ್ಲಿ, ಅಪ್ಪಣೆಯಿಲ್ಲದೆ ಪರರ ಮನೆ ಹೊಗಬಾರದೆಂಬುದು 24:27ರಲ್ಲಿ, ಇನ್ನೊಬ್ಬರ ಗುಟ್ಟು ಕೆದಕಬಾರದೆಂಬುದು 49:12ರಲ್ಲಿ ಬರುತ್ತವೆ. 632ರ ವಿದಾಯ ಭಾಷಣದಲ್ಲಿ ಪ್ರವಾದಿ ಮುಹಮ್ಮದರು ಪ್ರಾಣ, ಆಸ್ತಿ, ಮಾನಗಳನ್ನು ಉಲ್ಲಂಘಿಸಬಾರದ ಪವಿತ್ರ ವಸ್ತುಗಳೆಂದು ಸಾರಿದರೆಂದು ಪರಂಪರೆ ಹೇಳುತ್ತದೆ.

ಈ ರಕ್ಷಣೆ ಮುಸ್ಲಿಮರಿಗಷ್ಟೇ ಸಲ್ಲುವುದೋ ಎಲ್ಲ ಮನುಷ್ಯರಿಗೂ ಸಲ್ಲುವುದೋ ಎಂಬುದು ಪಂಡಿತರನ್ನು ಬಹುಕಾಲ ಕಾಡಿತು. ಹನ್ನೊಂದನೆಯ ಶತಮಾನದ, ಹನಫಿ ಎಂಬ ನ್ಯಾಯಪಂಥದ ವಿದ್ವಾಂಸ ಸರಖ್ಸಿ, ಮನುಷ್ಯನಾಗಿ ಹುಟ್ಟಿದ್ದೇ ರಕ್ಷಣೆಗೆ ಆಧಾರ ಎಂಬ ಕಡೆ ವಾದಿಸಿದವರಲ್ಲಿ ಪ್ರಮುಖರು. ಅರಸನ ಮುನಿಸಿಗೆ ಸಿಕ್ಕಿ ಸೆರೆಯಲ್ಲಿದ್ದಾಗ ಅವರು ‘ಅಲ್ ಮಬ್ಸೂತ್’ ಎಂಬ ಬೃಹದ್ಗ್ರಂಥವನ್ನು ನೆನಪಿನಿಂದಲೇ ಶಿಷ್ಯರಿಗೆ ಹೇಳಿ ಬರೆಸಿದರೆಂಬ ಕಥೆ ಪ್ರಸಿದ್ಧವಾಗಿದೆ. ಮುಸ್ಲಿಮೇತರ ಪ್ರಜೆಯನ್ನು ಕೊಂದ ಮುಸ್ಲಿಮನಿಗೂ ಪ್ರಾಣಕ್ಕೆ ಪ್ರಾಣದ ಶಿಕ್ಷೆಯೇ ಸರಿ ಎಂದದ್ದು ಹನಫಿ ಪಂಥ. ಶಾಫಿ ಪಂಥ ಇದನ್ನು ಒಪ್ಪಲಿಲ್ಲ. ಧಾರವಾಡ, ಹಾವೇರಿ ಕಡೆಯ ಮುಸ್ಲಿಮರು ಹೆಚ್ಚಾಗಿ ಹನಫಿಗಳು. ಭಟ್ಕಳದ ನವಾಯತರು, ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಬ್ಯಾರಿಗಳು ಶಾಫಿಗಳು.

ತತ್ವ ಇಷ್ಟು ಎತ್ತರದಲ್ಲಿದ್ದರೂ ಗ್ರಂಥಗಳು ಲೋಕದ ಏಣಿಶ್ರೇಣಿಯನ್ನು ಬಿಟ್ಟುಕೊಡಲಿಲ್ಲ. ಗುಲಾಮಗಿರಿಯನ್ನು ಅವು ನಿಯಂತ್ರಿಸಿದವೇ ಹೊರತು ನಿಷೇಧಿಸಲಿಲ್ಲ. ಮದುವೆಯಲ್ಲಿ ಸರಿಸಮಾನತೆ ನೋಡುವ ‘ಕಫಾಅತ್’ ಎಂಬ ನಿಯಮದಲ್ಲಿ ಹನಫಿಗಳು ಕುಲದ ಜೊತೆಗೆ ಕಸುಬನ್ನೂ ತೂಗಿದರು. ಕಸ ಗುಡಿಸುವವರು, ಚರ್ಮ ಹದಮಾಡುವವರು ಕೆಳಗಿನ ಸಾಲಿನಲ್ಲಿ ಉಳಿದರು. ಕರ್ನಾಟಕದ ಮುಸ್ಲಿಮರಲ್ಲಿ ಹತ್ತಿ ಹಿಂಜುವ ಕಸುಬಿನ ಪಿಂಜಾರರು, ನದಾಫರು ಹಿಂದುಳಿದವರ ಪ್ರವರ್ಗ-1ರಲ್ಲಿ ಇರುವುದಕ್ಕೆ ಕಾರಣ ಹುಡುಕಿದರೆ ಊರಿನ ಜಾತಿಪದ್ಧತಿಯ ಪಕ್ಕದಲ್ಲೇ ಈ ಮನೋಭಾವವೂ ಕಾಣುತ್ತದೆ. ಕಸುಬಿನ ಮೈಲಿಗೆ ಯಾವ ಒಂದು ಧರ್ಮದ ಸೊತ್ತೂ ಅಲ್ಲ. 2010ರ ಜುಲೈ 20ರಂದು ಸವಣೂರಿನಲ್ಲಿ ಮಲ ಹೊರುವ ಕೆಲಸಕ್ಕೆ ಕಟ್ಟುಬಿದ್ದ ಭಂಗಿ ಸಮುದಾಯದವರು, ತಾವಿದ್ದ ಜಾಗದಿಂದ ಎಬ್ಬಿಸುತ್ತಾರೆಂಬ ಭಯದಲ್ಲಿ, ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಮಲ ಹೊರಿಸುವುದನ್ನು ನಿಷೇಧಿಸಿದ ಕಾಯಿದೆಗೆ ಆಗಲೇ 17 ವರ್ಷವಾಗಿತ್ತು. ಆದಮನ ಮಕ್ಕಳ ಗೌರವದ ಬಗ್ಗೆ ಈ ಸೀಮೆಯಲ್ಲಿ ಯಾರು ಮಾತನಾಡಿದರೂ, ಯಾವ ಧರ್ಮಗ್ರಂಥದ ಹೆಸರಿನಲ್ಲಿ ಮಾತನಾಡಿದರೂ, ಆ ದಿನವನ್ನು ದಾಟಿ ಹೋಗುವಂತಿಲ್ಲ.

ಧರ್ಮಸ್ವಾತಂತ್ರ್ಯ: ನವಾಬರ ಸವಣೂರು

ಸವಣೂರಿನ ನವಾಬರು ಮಿಯಾನಾ ಪಠಾಣರು. ಬಿಜಾಪುರದ ಆದಿಲಶಾಹಿಯ ಸರದಾರನಾಗಿದ್ದ ಅಬ್ದುಲ್ ರವೂಫ್ ಖಾನ್ 1686ರಲ್ಲಿ ಬಿಜಾಪುರ ಶರಣಾದಾಗ ಔರಂಗಜೇಬನ ಸೇವೆಗೆ ಸೇರಿ ದಿಲೇರ್ ಖಾನ್ ಎಂಬ ಬಿರುದು ಪಡೆದ. ಬಂಕಾಪುರ ಮೊದಲಾದ 22 ಮಹಲುಗಳು ಈ ಮನೆತನದ ಕೈಯಲ್ಲಿದ್ದವು. ಹನಫಿ ತೀರ್ಪುಗಳ ಮಹಾಸಂಗ್ರಹ ‘ಫತಾವಾ ಆಲಂಗೀರಿ’ಯನ್ನು ಮಾಡಿಸಿದವನೂ ಇದೇ ಔರಂಗಜೇಬ, 1679ರಲ್ಲಿ ಮುಸ್ಲಿಮೇತರರ ಮೇಲೆ ಜಿಝಿಯಾ ತಲೆಗಂದಾಯವನ್ನು ಮತ್ತೆ ಹೇರಿದವನೂ ಅವನೇ. ಮರಾಠರು, ಹೈದರ್, ಟಿಪ್ಪು ಇವರ ನಡುವೆ ಸಿಕ್ಕಿ ಸವಣೂರು ಸವೆಯುತ್ತ ಬಂದು, ಬ್ರಿಟಿಷರ ಕಾಲಕ್ಕೆ ಸುಮಾರು 70 ಚದರ ಮೈಲಿಯ ಪುಟ್ಟ ಸಂಸ್ಥಾನವಾಗಿ ಉಳಿಯಿತು. ಪ್ರಜೆಗಳಲ್ಲಿ ಹೆಚ್ಚಿನವರು ಹಿಂದೂಗಳು.

ಧರ್ಮದಲ್ಲಿ ಬಲವಂತ ಸಲ್ಲದು ಎಂಬುದು ಕುರಾನಿನ 2:256ರ ಆಶಯ. ಶಾಸ್ತ್ರದಲ್ಲಿ ಅದು ಸಮಾನತೆಯಾಗಿ ಬೆಳೆಯಲಿಲ್ಲ. ಕಂದಾಯ ಕೊಟ್ಟು ರಕ್ಷಣೆ ಪಡೆದ ‘ಝಿಮ್ಮಿ’ ಎಂಬ ಸ್ಥಾನವಾಗಿ ಬೆಳೆಯಿತು. ಹಿಂದೂಗಳಿಗೂ ಆ ಸ್ಥಾನ ಸಲ್ಲುತ್ತದೆಂದು ಹನಫಿಗಳು ಒಪ್ಪಿದರು, ಶಾಫಿಗಳು ಅದನ್ನು ಗ್ರಂಥವುಳ್ಳ ಜನಾಂಗಗಳಿಗಷ್ಟೇ ಸೀಮಿತಗೊಳಿಸಿದರು. ಇಸ್ಲಾಂ ಬಿಟ್ಟ ಗಂಡಸಿಗೆ ಮರಣದಂಡನೆ ಎಂಬುದರಲ್ಲಿ ಹಳೆಯ ಪಂಥಗಳು ಒಮ್ಮತದಿಂದಿದ್ದವು. ಹೆಂಗಸಿಗೆ ಸೆರೆ ಸಾಕು ಎಂದದ್ದು ಸುನ್ನಿ ಪಂಥಗಳಲ್ಲಿ ಹನಫಿ ಮಾತ್ರ. ಅದು ಯುದ್ಧಕಾಲದ ರಾಜದ್ರೋಹಕ್ಕೆ ಸಂಬಂಧಿಸಿದ ವಿಧಿಯೇ ಹೊರತು ನಂಬಿಕೆ ಬದಲಿಸಿದ್ದಕ್ಕಲ್ಲ ಎಂದು ಆಧುನಿಕ ವಿದ್ವಾಂಸರು ಅನೇಕರು ವಾದಿಸುತ್ತಾರೆ. ಮನಸ್ಸಾಕ್ಷಿಯ ಸ್ವಾತಂತ್ರ್ಯದ ದೃಷ್ಟಿಯಿಂದ ಹಳೆಯ ಫಿಕ್ಹ್‌ನ ಅತ್ಯಂತ ದುರ್ಬಲ ಜಾಗ ಇದೇ ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

ಈ ಸೀಮೆಯ ಜನ ಮಾತ್ರ ಗ್ರಂಥಕ್ಕಿಂತ ದೂರ ನಡೆದರು. ಉತ್ತರಾದಿ ಮಠದ ಪೀಠಾಧಿಪತಿ ಸತ್ಯಬೋಧ ತೀರ್ಥರು 1783ರಲ್ಲಿ ಬೃಂದಾವನಸ್ಥರಾದದ್ದು ನವಾಬರ ಈ ಊರಿನಲ್ಲಿ. ಅವರಿಗೆ ನವಾಬರಿಂದ ಗೌರವ ಸಂದಿತ್ತೆಂದು ಮಠದ ಪರಂಪರೆ ನೆನೆಯುತ್ತದೆ. ಶಿಗ್ಗಾಂವಿ ತಾಲೂಕಿನ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿದ ಶರೀಫರು ಕಳಸದ ಗೋವಿಂದ ಭಟ್ಟರನ್ನು ಗುರುವೆಂದು ಒಪ್ಪಿಕೊಂಡರು. ಭಟ್ಟರು ಶರೀಫರಿಗೆ ಜನಿವಾರ ಹಾಕಿದರೆಂದೂ ಎರಡೂ ಕಡೆಯ ಮಡಿವಂತರು ಸಿಟ್ಟಾದರೆಂದೂ ಜನರ ಬಾಯಲ್ಲಿ ಕಥೆಗಳಿವೆ. ಆದರೂ ಶರೀಫರು 1889ರವರೆಗೆ ಹಾಡುತ್ತ ಬಾಳಿದರು. ಅವರ ಗದ್ದಿಗೆಗೆ ಇಂದಿಗೂ ಎರಡೂ ಧರ್ಮದವರು ನಡೆದುಕೊಳ್ಳುತ್ತಾರೆ. ಶಾಸ್ತ್ರ ಕೊಡಲು ಹಿಂಜರಿದ ಸ್ವಾತಂತ್ರ್ಯವನ್ನು ಊರು ಕೊಟ್ಟಿತು.  

ಆಸ್ತಿ ಮತ್ತು ವಕ್ಫ್

ಆಸ್ತಿಯ ಒಡೆತನವನ್ನು ಶಾಸ್ತ್ರ ಬಿಗಿಯಾಗಿ ಕಾಯುತ್ತದೆ. ವಕ್ಫ್ ಎಂದರೆ ಒಡೆಯ ತನ್ನ ಆಸ್ತಿಯನ್ನು ದೇವರ ಹೆಸರಿನಲ್ಲಿ ತಡೆಹಿಡಿದು ಅದರ ಉತ್ಪನ್ನವನ್ನು ಸತ್ಕಾರ್ಯಕ್ಕೆ ಬಿಡುವುದು. ಹಾಗೆ ಬಿಡುವ ಹೊತ್ತಿಗೆ ಆಸ್ತಿ ಅವನದೇ ಆಗಿರಬೇಕೆಂಬುದು ಮೊದಲ ಷರತ್ತು. ಪರರ ಹೊಲವನ್ನು ವಕ್ಫ್ ಮಾಡಲು ಬರುವುದಿಲ್ಲ. 2024ರ ಅಕ್ಟೋಬರ್ ಕೊನೆಯಲ್ಲಿ ಕರ್ನಾಟಕದ ಹಲವೆಡೆ ಪಹಣಿಯಲ್ಲಿ ವಕ್ಫ್ ಹೆಸರು ಸೇರುವ ವಿವಾದ ಎದ್ದಾಗ, ಸವಣೂರು ತಾಲೂಕಿನ ಕಡಕೋಳದಲ್ಲಿ ಮನೆಗಳು ವಕ್ಫ್ ಆಸ್ತಿಯಾಗುತ್ತವೆಂಬ ಗಾಬರಿ ಹಬ್ಬಿ ಮುಸ್ಲಿಮರ ಮನೆಗಳ ಮೇಲೆ ಕಲ್ಲು ಬಿದ್ದವು. ರೈತರಿಗೆ ಕೊಟ್ಟಿದ್ದ ನೋಟಿಸುಗಳನ್ನು ಹಿಂತೆಗೆಯಲು ಸರ್ಕಾರ ನವೆಂಬರಿನಲ್ಲಿ ಆದೇಶಿಸಿತು. ಹೊಲದೊಡೆಯನ ಆತಂಕ ನ್ಯಾಯವಾದದ್ದೇ.  ಆದರೆ ಕಲ್ಲೇಟು ತಿಂದವರ ಬಾಗಿಲು, ಕಿಟಕಿಗಳಿಗೂ ಸಂವಿಧಾನದ ರಕ್ಷಣೆ ಅಷ್ಟೇ ಇತ್ತು.

1948 ಮತ್ತು ಅದರಾಚೆ

1948ರ ಮಾರ್ಚ್‌ನಲ್ಲಿ ಸವಣೂರು ಭಾರತದಲ್ಲಿ ವಿಲೀನವಾಗಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತು. ಅದೇ ವರ್ಷದ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು 48 ಮತಗಳಿಂದ ಅಂಗೀಕರಿಸಿತು. ಸೌದಿ ಅರೇಬಿಯಾ ತಟಸ್ಥವಾಗಿ ಉಳಿಯಿತು. ಪಾಕಿಸ್ತಾನದ ವಿದೇಶಾಂಗ ಸಚಿವ ಝಫರುಲ್ಲಾ ಖಾನ್ ಧರ್ಮ ಬದಲಿಸುವ ಸ್ವಾತಂತ್ರ್ಯವನ್ನೂ ಕುರಾನಿನ ಆಧಾರದಲ್ಲೇ ಬೆಂಬಲಿಸಿದರು. ಒಂದೇ ಗ್ರಂಥವನ್ನು ನಂಬಿದ ಎರಡು ದೇಶಗಳು ಹೀಗೆ ಬೇರೆ ಬೇರೆ ದಾರಿ ಹಿಡಿದವು. ಮುಸ್ಲಿಂ ದೇಶಗಳು ಹೊರಡಿಸಿದ 1990ರ ಕೈರೋ ಘೋಷಣೆ ಹಕ್ಕುಗಳನ್ನೆಲ್ಲ ಪಟ್ಟಿಮಾಡಿದ ಮೇಲೆ 24 ಮತ್ತು 25ನೇ ವಿಧಿಗಳಲ್ಲಿ ಅವೆಲ್ಲವೂ ಶರಿಯತ್ತಿಗೆ ಒಳಪಟ್ಟಿವೆ ಎಂದಿತು. ಯಾವ ಪಂಥದ, ಯಾರ ವ್ಯಾಖ್ಯಾನದ ಶರಿಯತ್ ಎಂಬುದನ್ನು ಹೇಳಲಿಲ್ಲ.

ಹೆಣ್ಣಿನ ಹಕ್ಕು

ಭಾರತದಲ್ಲಿ ಈ ಶಾಸ್ತ್ರ ಇಂದು ಬದುಕಿರುವುದು ಮನೆಯೊಳಗೆ: ಮದುವೆ, ತಲಾಖ್, ಜೀವನಾಂಶ, ವಾರಸುಗಳಲ್ಲಿ. ನಿಕಾಹ್ ಒಂದು ಕರಾರು. ವಯಸ್ಸಿಗೆ ಬಂದ ಹೆಣ್ಣು ತಾನೇ ಆ ಕರಾರು ಮಾಡಿಕೊಳ್ಳಬಹುದೆಂದು ಇಮಾಂ ಅಬೂ ಹನೀಫಾ ಎಂಟನೆಯ ಶತಮಾನದಲ್ಲೇ ಹೇಳಿದರು. ಮಹರ್ ಅವಳ ಸ್ವಂತದ್ದು. ಅದರ ಮೇಲೆ ತಂದೆಗೂ ಗಂಡನಿಗೂ ಹಕ್ಕಿಲ್ಲ. ಹೀಗಿದ್ದೂ ಗಂಡ ಕಾಣೆಯಾದರೆ ಹನಫಿ ಹೆಣ್ಣಿಗೆ ಬಿಡುಗಡೆಯ ದಾರಿಯೇ ಇಲ್ಲದಂತಿತ್ತು. ಮದುವೆಯಿಂದ ಹೊರಬರಲು ಧರ್ಮವನ್ನೇ ಬಿಟ್ಟ ಹೆಣ್ಣುಮಕ್ಕಳಿದ್ದರು. ಈ ಸಂಕಟ ಕಂಡ ಉಲೇಮಾಗಳೇ ಮಾಲಿಕೀ ಪಂಥದ ಉದಾರ ನಿಯಮವನ್ನು ಎರವಲು ತಂದರು. 1939ರ ಮುಸ್ಲಿಂ ವಿವಾಹ ವಿಚ್ಛೇದನ ಕಾಯಿದೆ ಹುಟ್ಟಿದ್ದು ಹಾಗೆ. ನಾಲ್ಕು ವರ್ಷ ಗಂಡನ ಸುಳಿವಿಲ್ಲದಿದ್ದರೆ, ಎರಡು ವರ್ಷ ಅನ್ನ ಬಟ್ಟೆ ಕೊಡದಿದ್ದರೆ ಅವಳು ಕೋರ್ಟಿಗೆ ಹೋಗಬಹುದಾಯಿತು. ಶಾಸ್ತ್ರ ತನ್ನನ್ನು ತಾನೇ ತಿದ್ದಿಕೊಳ್ಳಬಲ್ಲದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಈ ದೇಶದಲ್ಲಿಲ್ಲ.

ಒಂದೇ ಉಸಿರಿನ ಮೂರು ತಲಾಖ್ ಮಾತ್ರ ಬಹುಕಾಲ ಉಳಿಯಿತು. ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯಲ್ಲಿ ಅದರ ಸುಳಿಗೆ ಸಿಕ್ಕ ನಾದಿರಾಳ ಕಥೆಯನ್ನು ಕನ್ನಡಕ್ಕೆ ಹೇಳಿದ ಮೂರು ದಶಕಗಳ ಮೇಲೆ, 2017ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ಹಾಸನದ ವಕೀಲೆ, ಕಥೆಗಾರ್ತಿ ಬಾನು ಮುಷ್ತಾಕ್ ಹೆಂಗಸರಿಗೆ ಮಸೀದಿ ಪ್ರವೇಶ ಬೇಕೆಂದದ್ದಕ್ಕೆ 2000ದಲ್ಲಿ ಸಾಮಾಜಿಕ ಬಹಿಷ್ಕಾರ ಎದುರಿಸಿದರು. 2025ರಲ್ಲಿ ಅವರ ಕಥೆಗಳ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ನಿಕಾಹ್ ಕರಾರೆಂದ ಮಾತ್ರಕ್ಕೆ ತಲಾಖಿನೊಂದಿಗೆ ಗಂಡನ ಹೊಣೆ ಮುಗಿಯದೆಂದು ಕರ್ನಾಟಕ ಹೈಕೋರ್ಟ್ 2021ರಲ್ಲಿ ಹೇಳಿದೆ. ವಿಚ್ಛೇದಿತೆಗೆ ಜೀವನಾಂಶ ಕೇಳುವ ಸಾಮಾನ್ಯ ಕಾಯಿದೆಯ ದಾರಿ ಮುಚ್ಚಿಲ್ಲವೆಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ತೀರ್ಮಾನಿಸಿತು.

ವಾರಸಿನಲ್ಲಿ ಮಗಳಿಗೆ ಮಗನ ಅರ್ಧ ಪಾಲು, ಮಕ್ಕಳಿದ್ದರೆ ಹೆಂಡತಿಗೆ ಎಂಟನೇ ಒಂದು. ಏಳನೆಯ ಶತಮಾನಕ್ಕೆ ಅದು ದೊಡ್ಡ ಹೆಜ್ಜೆ, ಇಂದಿನ ಸಮಾನತೆಯ ಅಳತೆಗೆ ಸಾಲದು. ಆದರೆ ಆ ಅರ್ಧವೂ ಎಷ್ಟೋ ಮನೆಗಳಲ್ಲಿ ಕೈಗೆ ಬರುವುದಿಲ್ಲ. 1937ರ ಶರಿಯತ್ ಕಾಯಿದೆ ಕೃಷಿ ಜಮೀನನ್ನು ಹೊರಗಿಟ್ಟಿತು. ಮದರಾಸು ಪ್ರಾಂತ 1949ರಲ್ಲಿ ಅದನ್ನು ಒಳಗೆ ತಂದಿತು. ಹೊಲವೇ ಆಸ್ತಿಯೆಲ್ಲವೂ ಆಗಿರುವ ಸೀಮೆಯಲ್ಲಿ ಜಮೀನು ಈ ಕಾಯಿದೆಯ ಒಳಗೋ ಹೊರಗೋ ಎಂಬುದು ಸಣ್ಣ ಮಾತಲ್ಲ. ತವರಿನ ನಂಟು ಕಡಿಯದಿರಲೆಂದು ಅಕ್ಕತಂಗಿಯರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವುದು ಹಿಂದೂ, ಮುಸ್ಲಿಂ ಎಂಬ ಭೇದವಿಲ್ಲದೆ ನಡೆದುಬಂದಿದೆ. ತಂದೆ ಬದುಕಿರುವಾಗಲೇ ಮಗಳಿಂದ ಬರೆಸಿಕೊಂಡ ಅಂಥ ಪತ್ರಕ್ಕೆ ಇಸ್ಲಾಮೀ ವಾರಸು ನಿಯಮದಲ್ಲಿ ಬೆಲೆಯಿಲ್ಲ: ಅವಳ ಪಾಲು ಹುಟ್ಟುವುದೇ ತಂದೆಯ ಮರಣದ ಗಳಿಗೆಯಲ್ಲಿ, ಹುಟ್ಟದ ಹಕ್ಕನ್ನು ಬಿಡಲು ಬಾರದು. ಅದಕ್ಕೆ ಬದಲಾಗಿ ಹಣ ಪಡೆದು ತನ್ನ ನಡತೆಯಿಂದ ಉಳಿದವರನ್ನು ನಂಬಿಸಿದ್ದರೆ ಮಾತ್ರ ಅವಳು ಮತ್ತೆ ಪಾಲು ಕೇಳಲು ಬಾರದಂತಾಗಬಹುದು ಎಂದು ಸುಪ್ರೀಂ ಕೋರ್ಟ್ 1972ರಲ್ಲಿ ಹೇಳಿತು.