ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್) ಕಲಾ ಇತಿಹಾಸ
ಅಮೆರಿಕದ ಹೈಸ್ಕೂಲುಗಳಲ್ಲಿ ಬೋಧಿಸುವ, ಕಾಲೇಜು ಆರಂಭಿಕ ಮಟ್ಟದ ಐಚ್ಛಿಕ ಪಠ್ಯಕ್ರಮ ಮತ್ತು ಅದರ ವಾರ್ಷಿಕ ಪರೀಕ್ಷೆ. ಕಾಲೇಜ್ ಬೋರ್ಡ್ ಸಂಸ್ಥೆ ಇದನ್ನು 1970ರ ದಶಕದಲ್ಲಿ ಆರಂಭಿಸಿತು. ಮೊದಲು ಪಾಶ್ಚಾತ್ಯ ಕಲೆಗೇ ಪ್ರಾಧಾನ್ಯವಿತ್ತು. 2015-16ರ ಪರಿಷ್ಕರಣೆಯಲ್ಲಿ 10 ವಿಭಾಗಗಳ 250 ಕೃತಿಗಳ ನಿಗದಿತ ಪಟ್ಟಿ ಬಂದು, ಆಫ್ರಿಕ, ಏಷ್ಯ, ಪೆಸಿಫಿಕ್ ದ್ವೀಪಗಳ ಕಲೆಗೆ ಪ್ರತ್ಯೇಕ ಸ್ಥಾನ ದೊರೆಯಿತು. ಸಾಂಚಿಯ ಮಹಾಸ್ತೂಪ, ಖಜುರಾಹೊದ ಲಕ್ಷ್ಮಣ ದೇವಾಲಯ, ಚೋಳರ ಕಾಲದ ಕಂಚಿನ ನಟರಾಜ, ತಾಜ್ ಮಹಲ್ ಪಟ್ಟಿಯಲ್ಲಿವೆ. ಬಾದಾಮಿ, ಹಳೇಬೀಡುಗಳ ಶಿಲ್ಪಕ್ಕೆ ಎಡೆಯಿಲ್ಲ. ಕೃತಿಯ ರೂಪ, ಮಾಧ್ಯಮ, ಉದ್ದೇಶ, ಸಂದರ್ಭಗಳ ವಿಶ್ಲೇಷಣೆ ಅಧ್ಯಯನದ ತಿರುಳು. ಪಟ್ಟಿಯಲ್ಲಿಲ್ಲದ ಕೃತಿಯನ್ನು ನೋಡಿ ಅದರ ಕರ್ತೃ ಅಥವಾ ಪರಂಪರೆಯನ್ನು ಸಕಾರಣವಾಗಿ ಗುರುತಿಸುವುದೂ ಸೇರಿದೆ. ಪರೀಕ್ಷೆಯ ಶ್ರೇಣಿ 1ರಿಂದ 5. ಉತ್ತಮ ಶ್ರೇಣಿಗೆ ಅನೇಕ ವಿಶ್ವವಿದ್ಯಾಲಯಗಳು ಕ್ರೆಡಿಟ್ ನೀಡುತ್ತವೆ.