ಕಾಡಿನ ಬೆಂಕಿಗೆ ಜವಾಬು ಕೊಡಬೇಕಾದವರು ಯಾರು?

2019ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡು ಹೊತ್ತಿ ಉರಿದಾಗ ಎರಡು ಮಾತುಗಳು ಒಟ್ಟಿಗೇ ಕೇಳಿಬಂದವು. ಬೆಂಕಿ ಇಟ್ಟವರು ಕಾಡಂಚಿನ ಹಳ್ಳಿಯವರೇ ಇರಬೇಕು ಎಂಬುದು ಒಂದು. ಆರಿಸಲು ಹಳ್ಳಿಯವರು ಮುಂದೆ ಬರಬೇಕು ಎಂಬುದು ಇನ್ನೊಂದು. ಆರೋಪಿಯೂ ಅವನೇ, ಆಳೂ ಅವನೇ. ಈ ವಿಚಿತ್ರ ನಂಟು ಇಂದು ನಿನ್ನೆಯದಲ್ಲ.

1864ರಲ್ಲಿ ಬ್ರಿಟಿಷ್ ಸರಕಾರ ಅರಣ್ಯ ಇಲಾಖೆಯನ್ನು ಕಟ್ಟಿ, ಜರ್ಮನಿಯ ಡೀಟ್ರಿಚ್ ಬ್ರಾಂಡಿಸ್‌ರನ್ನು ಅದರ ಮುಖ್ಯಸ್ಥರನ್ನಾಗಿ ನೇಮಿಸಿತು. ರೈಲು ಹಳಿಗಳಡಿ ಹಾಸಲು ಮರ ಬೇಕಿತ್ತು. ಮರ ಬೇಕಾದರೆ ಬೆಂಕಿ ನಿಲ್ಲಬೇಕಿತ್ತು. ಅದೇ ದಶಕದಲ್ಲಿ ಮಧ್ಯಪ್ರಾಂತ್ಯದ ಬೋರಿ ಕಾಡಿನಲ್ಲಿ ಕರ್ನಲ್ ಪಿಯರ್ಸನ್ ಬೆಂಕಿಯನ್ನು ದೂರವಿಡಬಹುದೆಂದು ತೋರಿಸಿಕೊಟ್ಟರು. ಅಲ್ಲಿಂದ ಮುಂದೆ ಬೆಂಕಿ ಎಂದರೆ ಅಪರಾಧ. ಹುಲ್ಲು ಚಿಗುರಲೆಂದು ತರಗು ಸುಡುತ್ತಿದ್ದ ದನಗಾಹಿ ಅಪರಾಧಿ.

ಕಾನೂನಿನ ಮಾತನ್ನು ಸ್ವಲ್ಪ ನಿಧಾನವಾಗಿ ಓದಬೇಕು. 1927ರ ಭಾರತೀಯ ಅರಣ್ಯ ಕಾಯ್ದೆಯ 79ನೇ ಕಲಮಿನ ಪ್ರಕಾರ, ಮೀಸಲು ಕಾಡಿನಲ್ಲಿ ಹಕ್ಕುಳ್ಳವರು, ಅಲ್ಲಿ ದನ ಮೇಯಿಸಲು ಅಥವಾ ಸೌದೆ ತರಲು ಅನುಮತಿ ಪಡೆದವರು, ಅವರು ಕಾಡಿನೊಳಗೆ ಇಟ್ಟುಕೊಂಡ ಆಳುಗಳು, ಪಕ್ಕದ ಹಳ್ಳಿಯ ಸರಕಾರಿ ನೌಕರರು ಬೆಂಕಿಯ ಸುದ್ದಿ ಮುಟ್ಟಿಸಬೇಕು, ಆರಿಸಬೇಕು, ಕಾಡಿಗೆ ಹಬ್ಬದಂತೆ ತಡೆಯಬೇಕು. ತಪ್ಪಿದರೆ ಒಂದು ತಿಂಗಳವರೆಗೆ ಸಜೆ, ಇಲ್ಲವೆ 200 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. 26ನೇ ಕಲಮು ಇನ್ನೂ ಕಠಿಣ: ಯಾರೋ ಬೇಕೆಂದೇ ಬೆಂಕಿ ಇಟ್ಟರೆ, ಆ ಕಾಡಿನ ಮೇವು, ಉತ್ಪನ್ನಗಳ ಹಕ್ಕನ್ನೆಲ್ಲ ಸರಕಾರ ಅಮಾನತಿನಲ್ಲಿಡಬಹುದು. ಒಬ್ಬನ ತಪ್ಪಿಗೆ ಊರಿಗೆಲ್ಲ ಶಿಕ್ಷೆ.

ಇನ್ನು ಕಾಡಿನ ಬದಿಯಲ್ಲೇ ನೂರಾರು ಎಕರೆ ತೋಟವಿರುವ ಜಮೀನುದಾರ? ಕಾಡಿಗೆ ಅಪಾಯವಾಗುವಂತೆ ಬೆಂಕಿ ಹಚ್ಚಬಾರದು, ಅಷ್ಟೇ. ಕಾಡಿನಲ್ಲಿ ಅವನಿಗೆ ಹಕ್ಕಿಲ್ಲದಿದ್ದರೆ, ಆರಿಸಲು ಓಡಿಬರಬೇಕೆಂದು 79ನೇ ಕಲಮು ಅವನನ್ನು ಕಟ್ಟಿಹಾಕುವುದಿಲ್ಲ. ಒಂದು ಹೊರೆ ಸೌದೆ ತರುವ ಹೆಂಗಸನ್ನು ಕಟ್ಟಿಹಾಕುತ್ತದೆ.

‘ಹಕ್ಕು’ ಎಂಬ ಮಾತು ನಮಗೆ ಅರಬಿಯಿಂದ ಬಂತು. ‘ಜವಾಬ್ದಾರಿ’ ಅರಬಿಯ ಜವಾಬಿಗೆ ಪಾರ್ಸಿಯ ಬಾಲ ಸೇರಿ ಆದದ್ದು; ಜವಾಬು ಕೊಡಬೇಕಾದವನು ಜವಾಬ್ದಾರ. ಹಕ್ಕು ಕಿತ್ತುಕೊಂಡ ಮೇಲೂ ಜವಾಬು ಕೇಳಬಹುದೇ? ಕುಮಾವೂನಿನ ಗುಡ್ಡಗಾಡಿನ ಜನ 1921ರಲ್ಲಿ ಇದಕ್ಕೆ ಉತ್ತರ ಕೊಟ್ಟರು.

ಅಲ್ಲಿ 1911ರಿಂದ 1917ರೊಳಗೆ ಹಳ್ಳಿಗಳ ಸುತ್ತಲಿನ ಕಾಡನ್ನು ಸರಕಾರ ಮೀಸಲು ಮಾಡಿತ್ತು. ಪೈನ್ ಮರದ ಸೂಜಿಯಂಥ ಎಲೆಗಳು ನೆಲ ಮುಚ್ಚಿದರೆ ಹುಲ್ಲು ಬರುವುದಿಲ್ಲ, ದನ ಜಾರಿ ಬೀಳುತ್ತವೆ. ಹಾಗಾಗಿ ವರ್ಷವೂ ಸುಡುತ್ತಿದ್ದರು. ಅದು ನಿಂತಿತು. ಮೇಲೆ ಸಾಹೇಬರ ಸಾಮಾನು ಹೊರುವ ಬಿಟ್ಟಿ ಚಾಕರಿ ಬೇರೆ. 1921ರ ಸಂಕ್ರಾಂತಿಯಂದು ಬಾಗೇಶ್ವರದ ಜಾತ್ರೆಯಲ್ಲಿ ಬಿಟ್ಟಿ ಕೂಲಿಗಳ ದಫ್ತರಗಳನ್ನು ಸರಯೂ ನದಿಗೆ ಎಸೆದರು. ಆ ಬೇಸಿಗೆ ಮೀಸಲು ಕಾಡುಗಳು ಉರಿದವು. ಆರಿಸಲು ಕರೆದರೆ ಜನ ಬರಲಿಲ್ಲ. ರಾಮಚಂದ್ರ ಗುಹಾ 1989ರ ತಮ್ಮ ‘ದಿ ಅನ್‌ಕ್ವಯಟ್ ವುಡ್ಸ್’ ಗ್ರಂಥದಲ್ಲಿ ಒಂದು ಸೂಕ್ಷ್ಮವನ್ನು ಗುರುತಿಸುತ್ತಾರೆ: ಉರಿದದ್ದು ಇಲಾಖೆಗೆ ಲಾಭ ತರುತ್ತಿದ್ದ ಪೈನ್ ಕಾಡು, ಹಳ್ಳಿಗೆ ಮೇವು, ಗೊಬ್ಬರ ಕೊಡುವ ಅಗಲ ಎಲೆಯ ಕಾಡು ಉಳಿಯಿತು. ಕುರುಡು ಕೋಪವಾಗಿದ್ದರೆ ಬೆಂಕಿಗೆ ಇಷ್ಟು ಲೆಕ್ಕಾಚಾರ ಇರುತ್ತಿತ್ತೇ?

ಸರಕಾರ ಸಮಿತಿ ನೇಮಿಸಿತು. ಕಾಡಿನ ದೊಡ್ಡ ಪಾಲು ಮೀಸಲಿನ ಬಿಗಿಯಿಂದ ಹೊರಬಂತು. 1931ರಲ್ಲಿ ವನ ಪಂಚಾಯತಿಯ ನಿಯಮಗಳು ಬಂದವು. ಊರಿನವರೇ ಆರಿಸಿದ ಪಂಚರು, ಊರೇ ಇಟ್ಟ ಕಾವಲುಗಾರ, ಊರೇ ಹಾಕುವ ದಂಡ. ಕಾಡು ಕಾಯುವ ಹೊಣೆ ಈಗ ಕಾಡನ್ನು ಅನುಭವಿಸುವವರ ಕೈಗೇ ಬಂತು. ಉತ್ತರಾಖಂಡದಲ್ಲಿ ಇಂದಿಗೂ ಹತ್ತು ಸಾವಿರಕ್ಕೂ ಹೆಚ್ಚು ವನ ಪಂಚಾಯತಿಗಳಿವೆ. ಆದರೆ 1976ರ ನಂತರದ ನಿಯಮಗಳು ಇಲಾಖೆಯ ಕೈಯನ್ನೇ ಮೇಲೆ ಮಾಡಿದವು. 2016ರಲ್ಲಿ ಅಲ್ಲಿನ ಬೆಂಕಿಗೆ ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಹೊತ್ತು ಬರಬೇಕಾಯಿತು.

ನಮ್ಮ ಬಿಳಿಗಿರಿರಂಗನ ಬೆಟ್ಟದ ಕತೆ ಇದಕ್ಕಿಂತ ಬೇರೆಯಲ್ಲ. ಸೋಲಿಗರು ಬೇಸಿಗೆ ಬಲಿಯುವ ಮೊದಲೇ ‘ತರಗುಬೆಂಕಿ’ ಹಾಕುತ್ತಿದ್ದರು. ಉದುರೆಲೆ ತೆಳುವಾಗಿ ಸುಡುತ್ತಿತ್ತು, ಮರಕ್ಕೆ ತಾಗುತ್ತಿರಲಿಲ್ಲ. 1974ರಲ್ಲಿ ವನ್ಯಧಾಮವಾದ ಮೇಲೆ ಅದು ನಿಂತಿತು. ಲಂಟಾನ ಪೊದೆ ಹಬ್ಬಿತು, ನೆಲ್ಲಿ ಮರಕ್ಕೆ ಬಂದಳಿಕೆ ಹತ್ತಿತು ಎಂದು ಸೋಲಿಗರು ಹೇಳುತ್ತಾ ಬಂದಿದ್ದಾರೆ. ಒಣಗಿದ ಲಂಟಾನಕ್ಕೆ ಕಿಡಿ ತಾಗಿದರೆ ಬೆಂಕಿ ನೆಲದಲ್ಲಿ ನಿಲ್ಲುವುದಿಲ್ಲ, ಕೊಂಬೆಗೆ ಏರುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಅವರಿಗೆ ಸಮುದಾಯದ ಹಕ್ಕು ದೊರೆಯಿತು. ತರಗುಬೆಂಕಿ ಮಾತ್ರ ಅಪರಾಧವಾಗಿಯೇ ಉಳಿಯಿತು.

ಪ್ರತಿ ಬೇಸಿಗೆ ಇಲಾಖೆ ದಿನಗೂಲಿಗೆ ತೆಗೆದುಕೊಳ್ಳುವ ಫೈರ್ ವಾಚರ್‌ಗಳಲ್ಲಿ ಸೋಲಿಗರೂ ಇರುತ್ತಾರೆ. ಅಜ್ಜ ತರಗು ಸುಟ್ಟ ಜಾಗದಲ್ಲೇ ಮೊಮ್ಮಗ ಹಸಿ ಸೊಪ್ಪಿನ ಕೊಂಬೆ ಹಿಡಿದು ಬೆಂಕಿ ಬಡಿಯುತ್ತಾನೆ. ಮಳೆ ಹಿಡಿದರೆ ಅವನ ಕೂಲಿ ನಿಲ್ಲುತ್ತದೆ.