ದಾನಿ ಸಂಬಂಧ ನಿರ್ವಹಣಾ ತಂತ್ರಾಂಶ

ಸೇವಾಸಂಸ್ಥೆಗಳು ತಮಗೆ ದೇಣಿಗೆ ಕೊಡುವವರ ಹೆಸರು, ವಿಳಾಸ, ಕೊಟ್ಟ ಮೊತ್ತ, ಆಸಕ್ತಿ, ಅವರೊಡನೆ ನಡೆದ ಪತ್ರವ್ಯವಹಾರ ಎಲ್ಲವನ್ನೂ ಒಂದೆಡೆ ಇಟ್ಟುಕೊಂಡು ಮುಂದಿನ ಸಂಪರ್ಕಕ್ಕೆ ಬಳಸುವ ಗಣಕ ವ್ಯವಸ್ಥೆ. ವ್ಯಾಪಾರಿ ಕಂಪನಿಗಳು ಬಳಸುವ ಗ್ರಾಹಕ ಸಂಬಂಧ ನಿರ್ವಹಣಾ (ಸಿಆರ್‌ಎಂ) ತಂತ್ರಾಂಶಕ್ಕೂ ಇದಕ್ಕೂ ರಚನೆಯಲ್ಲಿ ಹೆಚ್ಚು ಅಂತರವಿಲ್ಲ. ಅಂತರವಿರುವುದು ವ್ಯವಹಾರದಲ್ಲಿ: ಗ್ರಾಹಕ ಹಣ ಕೊಟ್ಟು ಸರಕು ಒಯ್ಯುತ್ತಾನೆ, ದಾನಿಯ ಕೈಗೆ ಬರುವುದು ರಸೀದಿ ಮಾತ್ರ. ತನ್ನ ಹಣದಿಂದ ಏನಾಯಿತೆಂಬ ಸುದ್ದಿ ತಲುಪದಿದ್ದರೆ ಅವನು ಎರಡನೆಯ ಬಾರಿ ಕೊಡಲು ಕಾರಣವೇ ಉಳಿಯುವುದಿಲ್ಲ.

ಹೆಸರಿನ ಪಟ್ಟಿ ಗಣಕಕ್ಕಿಂತ ಹಳೆಯದು. ಅಮೆರಿಕದಲ್ಲಿ ಜೋಸೆಫ್ ಸ್ಮಿತ್ ಡಂಕನ್ 1890ರ ದಶಕದಲ್ಲಿ ರೂಪಿಸಿದ ಅಡ್ರೆಸೋಗ್ರಾಫ್ ಯಂತ್ರ ಲಕೋಟೆಗಳ ಮೇಲೆ ವಿಳಾಸ ಅಚ್ಚೊತ್ತುವ ಕೆಲಸವನ್ನು ಹಗುರಗೊಳಿಸಿತು. 1938ರ ಜನವರಿಯಲ್ಲಿ ಪೋಲಿಯೊ ವಿರುದ್ಧದ ‘ಮಾರ್ಚ್ ಆಫ್ ಡೈಮ್ಸ್’ ಅಭಿಯಾನಕ್ಕೆ ರೇಡಿಯೊದಲ್ಲಿ ಕರೆ ಹೋದಾಗ, ಹತ್ತು ಸೆಂಟಿನ ನಾಣ್ಯಗಳು 26 ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಅಂಚೆಯಲ್ಲಿ ಶ್ವೇತಭವನಕ್ಕೆ ಬಂದು ಬಿದ್ದವು. ನಾಲ್ಕು ಜನ ಶ್ರೀಮಂತರನ್ನು ಕಾರ್ಯದರ್ಶಿ ತಲೆಯಲ್ಲೇ ಇಟ್ಟುಕೊಳ್ಳಬಹುದು. ಚಿಲ್ಲರೆ ಕೊಡುವ ಲಕ್ಷಾಂತರ ಜನರನ್ನು ಯಾರು ನೆನಪಿಟ್ಟುಕೊಳ್ಳಬೇಕು? ಮುಂದಿನ ದಶಕಗಳಲ್ಲಿ ಕಾರ್ಡುಪೆಟ್ಟಿಗೆ, ಆಮೇಲೆ ದೊಡ್ಡ ಸಂಸ್ಥೆಗಳ ಮಟ್ಟಿಗೆ ಮೇನ್‌ಫ್ರೇಮ್ ಗಣಕ ಈ ಭಾರ ಹೊತ್ತವು.

ಸಣ್ಣ ಸಂಸ್ಥೆಗಳಿಗೂ ಇದು ಎಟುಕಿದ್ದು ಮೇಜಿನ ಮೇಲಿನ ಗಣಕ ಬಂದ ಮೇಲೆ. ಆಂಥನಿ ಬ್ಯಾಕರ್ 1981ರಲ್ಲಿ ಬ್ಲ್ಯಾಕ್‌ಬಾಡ್ ಕಂಪನಿ ಕಟ್ಟಿದರು. ಮೊದಲ ಗ್ರಾಹಕ ನ್ಯೂಯಾರ್ಕ್‌ನ ನೈಟಿಂಗೇಲ್-ಬ್ಯಾಮ್‌ಫರ್ಡ್ ಶಾಲೆ. ಮಾಡಿಕೊಟ್ಟ ಕೆಲಸ ಬಿಲ್ಲು ಬರೆಯುವ ವ್ಯವಸ್ಥೆ. ಅಂದರೆ ಈ ಉದ್ಯಮ ಹುಟ್ಟಿದ್ದೇ ಲೆಕ್ಕದ ಕೋಣೆಯಲ್ಲಿ, ಆ ಗುಣ ಅದರಿಂದ ಇಂದಿಗೂ ಪೂರ್ತಿ ಹೋಗಿಲ್ಲ. ಇದೇ ಕಂಪನಿಯ ದಾನಿ ತಂತ್ರಾಂಶ ‘ರೇಸರ್ಸ್ ಎಡ್ಜ್’ ಇಂಗ್ಲಿಷ್ ಮಾತಾಡುವ ದೇಶಗಳ ಶಾಲೆ, ಆಸ್ಪತ್ರೆ, ವಿಶ್ವವಿದ್ಯಾಲಯಗಳಲ್ಲಿ ಬಹುಕಾಲ ಮನೆಮಾತಾಗಿತ್ತು.

ಲೆಕ್ಕದಿಂದ ಸಂಬಂಧದ ಕಡೆಗೆ ಗಮನ ಹೊರಳಿದ್ದು ತಂತ್ರಜ್ಞರಿಂದಲ್ಲ, ನಿಧಿ ಸಂಗ್ರಹಿಸುವವರಿಂದ. ಬ್ರಿಟನ್ನಿನ ಕೆನ್ ಬರ್ನೆಟ್ 1992ರಲ್ಲಿ ಬರೆದ ‘ರಿಲೇಷನ್‌ಷಿಪ್ ಫಂಡ್‌ರೈಸಿಂಗ್’ ಪುಸ್ತಕ, ದಾನಿಯನ್ನು ಒಂದು ಸಲದ ಚೆಕ್ಕಾಗಿ ನೋಡದೆ ಬಹುಕಾಲದ ಒಡನಾಡಿಯಾಗಿ ಕಾಣಬೇಕೆಂದು ವಾದಿಸಿತು. 2006ರಲ್ಲಿ ಅಮೆರಿಕದಲ್ಲಿ ಆರಂಭವಾದ ‘ಫಂಡ್‌ರೈಸಿಂಗ್ ಎಫೆಕ್ಟಿವ್‌ನೆಸ್ ಪ್ರಾಜೆಕ್ಟ್’ ಸಮೀಕ್ಷೆಗಳು ಈ ವಾದಕ್ಕೆ ಅಂಕಿಗಳ ಬಲ ಕೊಟ್ಟವು: ಒಂದು ವರ್ಷ ಕೊಟ್ಟವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮರುವರ್ಷ ಅದೇ ಸಂಸ್ಥೆಯತ್ತ ಸುಳಿಯುವುದಿಲ್ಲ. ತಂತ್ರಾಂಶದ ನಿಜವಾದ ಉಪಯೋಗ ಕಾಣುವುದು ಇಲ್ಲೇ. ಕೊನೆಯ ಸಲ ಕೊಟ್ಟದ್ದು ಯಾವಾಗ, ಎಷ್ಟು ಸಲ, ಎಷ್ಟು ಮೊತ್ತ ಎಂಬ ಮೂರು ಲೆಕ್ಕಗಳನ್ನು ಕೂಡಿಸಿದರೆ ಯಾರು ದೂರ ಸರಿಯುತ್ತಿದ್ದಾರೆಂಬುದು ತಿಳಿಯುತ್ತದೆ. ಬಾಲಕಿಯರ ಶಾಲೆಗೆಂದು ಕೊಟ್ಟವರಿಗೆ ಆ ಶಾಲೆಯ ವರದಿಯೇ ಹೋಗುತ್ತದೆ, ಆಸ್ಪತ್ರೆಯದಲ್ಲ. ಆದರೆ ಫೋನಿನಲ್ಲಿ ಮಾತಾಡಿದ ಸಿಬ್ಬಂದಿ ಆ ಮಾತನ್ನು ದಾಖಲಿಸದಿದ್ದರೆ ಎಷ್ಟು ದುಬಾರಿ ತಂತ್ರಾಂಶವೂ ಬರಿಯ ವಿಳಾಸಪುಸ್ತಕ. ಬಹಳಷ್ಟು ಕಡೆ ಅದು ಹಾಗೇ ಉಳಿದಿದೆ ಕೂಡ.

1999ರಲ್ಲಿ ಸ್ಥಾಪನೆಯಾದ ಸೇಲ್ಸ್‌ಫೋರ್ಸ್ ಅಂತರಜಾಲದ ಮೂಲಕವೇ ಬಳಸುವ ತಂತ್ರಾಂಶ ಒದಗಿಸಿ, ಅರ್ಹ ಸೇವಾಸಂಸ್ಥೆಗಳಿಗೆ ಹತ್ತು ಪರವಾನಗಿಗಳನ್ನು ಉಚಿತವಾಗಿ ನೀಡಿತು. ಉಚಿತವಾದದ್ದು ಪರವಾನಗಿ ಮಾತ್ರ. ಅದನ್ನು ಸಂಸ್ಥೆಯ ರೀತಿಗೆ ಒಗ್ಗಿಸುವ ಖರ್ಚು ಬೇರೆ. ಇದಕ್ಕೆ ಪರ್ಯಾಯವಾಗಿ 2005ರ ಹೊತ್ತಿಗೆ ಮುಕ್ತ ಆಕರದ ಸಿವಿಸಿಆರ್‌ಎಂ ಬಂತು. ಅದರ ಸ್ಥಾಪಕರಲ್ಲೊಬ್ಬರಾದ ಡೊನಾಲ್ಡ್ ಲೋಬೊ ಯಾಹೂವಿನ ಆರಂಭಕಾಲದ ಎಂಜಿನಿಯರು. ಮುಂದೆ ಅವರೇ ಭಾರತದ ಸಂಸ್ಥೆಗಳಿಗಾಗಿ ‘ಪ್ರಾಜೆಕ್ಟ್ ಟೆಕ್‌4ಡೆವ್’ ಆರಂಭಿಸಿದರು.

ಹೆಚ್ಚು ತಿಳಿದುಕೊಳ್ಳುವ ಹುಮ್ಮಸ್ಸು ದಾನಿಗಳಿಗೆ ಕಿರಿಕಿರಿಯಾಗಿ, ಆಮೇಲೆ ಅಪಾಯವಾಗಿಯೂ ಪರಿಣಮಿಸಿತು. 2015ರಲ್ಲಿ ಬ್ರಿಟನ್ನಿನಲ್ಲಿ ವೃದ್ಧ ದಾನಿಗಳ ಮೇಲೆ ಸುರಿಯುತ್ತಿದ್ದ ಮನವಿಪತ್ರಗಳ ಬಗ್ಗೆ ಗದ್ದಲವೆದ್ದು, ಮರುವರ್ಷ ನಿಧಿಸಂಗ್ರಹ ನಿಯಂತ್ರಣ ಸಂಸ್ಥೆ ಹುಟ್ಟಿತು. ಅದೇ 2016ರ ಡಿಸೆಂಬರಿನಲ್ಲಿ, ದಾನಿಗಳಿಗೆ ತಿಳಿಸದೆ ಅವರ ಆಸ್ತಿಪಾಸ್ತಿ ಅಂದಾಜಿಸಿದ್ದಕ್ಕೆ ಪ್ರಾಣಿದಯಾ ಸಂಸ್ಥೆ ಆರ್‌ಎಸ್‌ಪಿಸಿಎ ಮತ್ತು ಬ್ರಿಟಿಷ್ ಹಾರ್ಟ್ ಫೌಂಡೇಷನ್ ದಂಡ ತೆತ್ತವು. 2020ರಲ್ಲಿ ಬ್ಲ್ಯಾಕ್‌ಬಾಡ್‌ನಲ್ಲಿದ್ದ ದಾನಿಗಳ ಮಾಹಿತಿಗೆ ಕನ್ನ ಬಿತ್ತು. ಕಂಪನಿ ಒತ್ತೆಹಣ ಕೊಟ್ಟಿತು. ಬಾಧಿತವಾದ ಗ್ರಾಹಕ ಸಂಸ್ಥೆಗಳು 13,000ಕ್ಕೂ ಹೆಚ್ಚು. 2023ರಲ್ಲಿ ಅಮೆರಿಕದ 49 ರಾಜ್ಯಗಳು ಮತ್ತು ವಾಷಿಂಗ್ಟನ್ ಡಿ.ಸಿ.ಯೊಂದಿಗೆ ಅದು 4.95 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು.

ಭಾರತದಲ್ಲಿ ರಿಪ್ಪನ್ ಕಪೂರ್ 1979ರಲ್ಲಿ ಕಟ್ಟಿದ ಮಕ್ಕಳ ಹಕ್ಕುಗಳ ಸಂಸ್ಥೆ ಕ್ರೈ, ಶುಭಾಶಯ ಪತ್ರಗಳನ್ನು ಮಾರುತ್ತಲೇ ಸಾಮಾನ್ಯ ಮಧ್ಯಮವರ್ಗದವರನ್ನು ದಾನಿಗಳನ್ನಾಗಿ ಮಾಡಿಕೊಂಡಿತು. ಆದರೆ ನಮ್ಮಲ್ಲಿ ಸಣ್ಣ ಸಂಸ್ಥೆಗಳನ್ನೂ ರಸೀದಿಪುಸ್ತಕದಿಂದ ಗಣಕಕ್ಕೆ ನೂಕಿದ್ದು ತೆರಿಗೆ ಇಲಾಖೆ. ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡಿಸುವ 80ಜಿ ಮಾನ್ಯತೆ ಪಡೆದ ಸಂಸ್ಥೆಗಳು ಪ್ರತಿ ದಾನಿಯ ಪ್ಯಾನ್ ಅಥವಾ ಬೇರೆ ಗುರುತಿನ ಸಂಖ್ಯೆಯೊಂದಿಗೆ ನಮೂನೆ 10ಬಿಡಿಯನ್ನು ಸಲ್ಲಿಸಬೇಕೆಂಬ ನಿಯಮ 2021-22ನೆಯ ಹಣಕಾಸು ವರ್ಷದಿಂದ ಜಾರಿಗೆ ಬಂತು. ಒಂದು ಅಂಕಿ ತಪ್ಪಿದರೆ ದಾನಿಗೆ ರಿಯಾಯಿತಿ ಸಿಗದೆ ಹೋಗಬಹುದು, ಆಗ ದೂರು ಬರುವುದು ಸಂಸ್ಥೆಗೇ. ಈ ನಡುವೆ, ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಈ ರಿಯಾಯಿತಿಯೇ ಇಲ್ಲ. ಅಂಥವರನ್ನು ತೆರಿಗೆಯ ಆಸೆ ತೋರಿಸಿ ಉಳಿಸಿಕೊಳ್ಳುವಂತಿಲ್ಲ.